ಬಟ್ಟೆ ಬಿಗಿಯುವವನ ಅಣ್ಣ

ಪೂಲ್ ಮೇಜಿಗೆ ಹಸಿರು ಬಟ್ಟೆ ಬಿಗಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂವತ್ತೆಂಟು ವರ್ಷದ ಕಸುಬು. ಮೂರು ಕಾಲದ ಮೂವರು ಚಾಂಪಿಯನ್ನರು ಅವನು ಬಿಗಿದ ಬಟ್ಟೆಯ ಮೇಲೇ ಆಡಿ ಹೆಸರು ಮಾಡಿದ್ದರು. ಮೂವರಲ್ಲಿ ಯಾರು ದೊಡ್ಡವರು ಅಂತ ಹಾಲ್‌ನಲ್ಲಿ ಟೀ ಕುಡಿಯುವವರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ನೆಟ್ಟಗೆ ಕೋಲು ಹಿಡಿಯಲೂ ಬಾರದವರು. ಇವನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮೊದಲ ಕಾಲದ ಚಾಂಪಿಯನ್ ಇವನ ಸ್ವಂತ ಅಣ್ಣ.

ಅಣ್ಣನ ಕಾಲದಲ್ಲಿ ಬಟ್ಟೆ ದಪ್ಪ, ಚೆಂಡು ನಿಧಾನ. ತೋಳಿನ ಬಲವೆಲ್ಲ ಹಾಕಿ ಹೊಡೆಯಬೇಕಿತ್ತು. ಆಮೇಲೆ ಬಂದ ಎಡಗೈಯವನ ಕಾಲಕ್ಕೆ ಬಟ್ಟೆ ತೆಳುವಾಯಿತು. ಈಗಿನ ಚಾಂಪಿಯನ್ ಹುಡುಗಿಗಂತೂ ಚೆಂಡನ್ನು ಮುಟ್ಟಿದರೆ ಸಾಕು, ಓಡುತ್ತದೆ. ಈ ಭೇದ ತಿಳಿಯದ ಪಂಡಿತರೇ ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು.

ಕೊನೆಗೆ ಮೂವರನ್ನೂ ಒಂದೇ ಮೇಜಿನ ಮೇಲೆ ಆಡಿಸುವ ಹುಚ್ಚು ಹಾಲ್‌ನ ಮಾಲೀಕನಿಗೆ ಹಿಡಿಯಿತು. ಅರವತ್ತೇಳರ ಅಣ್ಣ ಪಂದ್ಯ ಆಡಿ ಹನ್ನೊಂದು ವರ್ಷವಾಗಿತ್ತು. ಅತ್ತಿಗೆ ತೀರಿಕೊಂಡ ಮೇಲೆ ಮಾತನ್ನೂ ಕಡಿಮೆ ಮಾಡಿದ್ದ. ಪಂದ್ಯದ ಸುದ್ದಿ ಬಂದದ್ದೇ ತಡ, ಗಡ್ಡ ಬೋಳಿಸಿಕೊಂಡು ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಬರತೊಡಗಿದ. ಅಣ್ಣ ಮತ್ತೆ ಮನುಷ್ಯನಾದದ್ದನ್ನು ಕಂಡು ತಮ್ಮನಿಗೆ ಹೊಟ್ಟೆ ತಣ್ಣಗಾಯಿತು.

ಪಂದ್ಯದ ಹಿಂದಿನ ದಿನ ಅಣ್ಣ ಮೆಲ್ಲಗೆ ಕೇಳಿದ. "ಬಟ್ಟೇನ ಒಂಚೂರು ಸಡಿಲ ಬಿಡೋಕಾಗತ್ತೇನೋ? ಚೆಂಡು ನಿಧಾನ ಆಗತ್ತೆ. ಗೆಲ್ಲೋಕಲ್ಲ ಕಣೋ. ಮಾನ ಹೋಗದೆ ಇದ್ರೆ ಸಾಕು."

ಹುಟ್ಟಿದಾಗಿನಿಂದ ಅಣ್ಣ ಇವನ ಬಳಿ ಏನನ್ನೂ ಕೇಳಿದವನಲ್ಲ. "ಬಿಡ್ತೀನಣ್ಣ. ನಿನ್ನ ಕಾಲದ ಹಾಗೇ ಹೊಡಿ," ಎಂದ. ಬಟ್ಟೆ ಬಿಗಿಯುವಾಗ ಕೈ ತಡೆದು ತಡೆದು, ಪ್ರತಿ ಪಿನ್ನಿಗೂ ಕೂದಲೆಳೆಯಷ್ಟು ಸಡಿಲ ಬಿಟ್ಟ. ಅನ್ನ ಕೊಟ್ಟ ಕಸುಬಿಗೆ ದ್ರೋಹ ಮಾಡುತ್ತಿದ್ದೇನೆ ಎಂಬ ಸಂಕಟ ಇದ್ದೇ ಇತ್ತು, ಆದರೂ ಬಿಟ್ಟ.

ಮರುದಿನ ಆಟಕ್ಕೆ ಒಂದೂವರೆ ಗಂಟೆ ಇರುವಾಗ ತೀರ್ಪುಗಾರ ಬಂದು ಮೇಜಿನ ಮೇಲೆ ಅಂಗೈ ಒತ್ತಿ ಸರಿಸಿದ. ಬಟ್ಟೆ ಸುಕ್ಕಾಯಿತು.

"ಏನ್ರೀ ಇದು, ನಿಮ್ಮ ಕೈಯಲ್ಲಿ ಇಂಥ ಕೆಲ್ಸಾನಾ? ಬಿಚ್ಚಿ, ನನ್ನೆದುರಿಗೇ ಎಳೀರಿ."

ಹೇಳಿ ಪಕ್ಕದಲ್ಲೇ ನಿಂತ. ತಮ್ಮ ಎಳೆದ. ಮುಗಿಯುವ ಹೊತ್ತಿಗೆ ಹಾಲ್ ತುಂಬಿತ್ತು, ಆಟಗಾರರು ತಮಗೆಂದು ಕಟ್ಟಿದ ಹಗ್ಗದಾಚೆ ಹೋಗಿ ಕೂತಿದ್ದರು. ಅಲ್ಲಿ ಕೂತವರ ಹತ್ತಿರ ಯಾರೂ ಮಾತಾಡುವಂತಿಲ್ಲ. ಬಟ್ಟೆ ಸಡಿಲವಿಲ್ಲ ಎಂದು ತಿಳಿಸಲು ತಮ್ಮ ಹಗ್ಗದ ಬಳಿ ನಿಂತು ತಲೆಯಾಡಿಸಿದ, ಕಣ್ಸನ್ನೆ ಮಾಡಿದ. ಧೈರ್ಯ ಹೇಳುತ್ತಿದ್ದಾನೆ ಎಂದುಕೊಂಡು ಅಣ್ಣ ನಕ್ಕ.

ಮೊದಲ ಆಟ ಅಣ್ಣನಿಗೂ ಹುಡುಗಿಗೂ. ಮೊದಲ ಹೊಡೆತಕ್ಕೇ ಬಣ್ಣದ ಚೆಂಡು ಪಾಕೆಟ್ಟಿಗೆ ಬಿತ್ತು. ಬಿಳಿ ಚೆಂಡು ಮಾತ್ರ ನಿಲ್ಲಲಿಲ್ಲ. ಮೇಜಿನುದ್ದಕ್ಕೂ ಓಡಿ ತಾನೂ ಇನ್ನೊಂದು ಪಾಕೆಟ್ಟಿಗೆ ಬಿತ್ತು. ತಪ್ಪು ಹೊಡೆತ. ಬೇರೆ ಯಾರೇ ಆಗಿದ್ದರೂ ಬಟ್ಟೆಯನ್ನು ಅನುಮಾನಿಸುತ್ತಿದ್ದರು. ಅಣ್ಣ ತಮ್ಮನ ಮಾತನ್ನು ನಂಬಿದ್ದ, ಹಾಗಾಗಿ ಅವನ ಕಣ್ಣು ಹೋದದ್ದು ತನ್ನ ಬಲಗೈಯ ಕಡೆಗೆ. ಆಮೇಲೆ ಒಮ್ಮೆ ತೀರಾ ಜೋರು, ಒಮ್ಮೆ ತೀರಾ ಮೆಲ್ಲಗೆ. ನೋಡಲು ಬಂದವರಲ್ಲಿ ಯಾರೋ "ಪಾಪ" ಎಂದರು. ತಮ್ಮ ಹಗ್ಗವನ್ನು ಹಿಡಿದುಕೊಂಡ. ಕೂಗಿ ಹೇಳಿದರೆ ಅಣ್ಣನ ಹೆಸರಿಗೆ ಮೋಸದ ಮಸಿ ಮೆತ್ತಿಕೊಳ್ಳುತ್ತದೆ. ಹೇಳದಿದ್ದರೆ ಈ ಮಾನಭಂಗವನ್ನು ನಿಂತು ನೋಡಬೇಕು. ನಿಂತು ನೋಡಿದ.

ಆಟ ಸೋತ ಮೇಲೆ ಒಳಕೋಣೆಯಲ್ಲಿ ಅಣ್ಣ ಕೋಲು ಬಿಚ್ಚಿ ಪೆಟ್ಟಿಗೆಗೆ ಇಡುತ್ತಿದ್ದ. ತೀರ್ಪುಗಾರ ಬಂದದ್ದು, ಬಿಚ್ಚಿ ಎಳೆಸಿದ್ದು, ಹಗ್ಗದ ಬಳಿ ಒದ್ದಾಡಿದ್ದು, ಎಲ್ಲವನ್ನೂ ತಮ್ಮ ಒಂದೇ ಉಸಿರಿಗೆ ಹೇಳಿದ.

"ನಿನ್ನ ಕೈಯಲ್ಲಿ ಏನೂ ದೋಷ ಇಲ್ಲಣ್ಣ, ದೇವರಾಣೆ. ಬಟ್ಟೆ ಬಿಗಿ ಇತ್ತು. ಬಾ, ನೀನೇ ಮುಟ್ಟಿ ನೋಡು."

ಅಣ್ಣ ಪೂರ್ತಿ ಕೇಳಿಸಿಕೊಂಡ. ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟ.

"ನನ್ನ ಸಮಾಧಾನಕ್ಕೆ ಅಂತ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ ಕಣೋ. ನೀನು ಮಾತು ಕೊಟ್ಟ ಮೇಲೆ ಮುಗೀತು. ಸಡಿಲಾನೇ ಇತ್ತು. ಇಷ್ಟು ವರ್ಷ ಆಡಿದೋನಿಗೆ ಅಷ್ಟೂ ಗೊತ್ತಾಗಲ್ವಾ?"

ಕೋಲಿನ ಪೆಟ್ಟಿಗೆಯನ್ನು ತಮ್ಮನ ಕೈಗೆ ಕೊಟ್ಟು, "ಯಾರಾದ್ರೂ ಆಡೋರಿಗೆ ಕೊಟ್ಬಿಡು," ಎಂದು ಚಪ್ಪಲಿ ಮೆಟ್ಟಿಕೊಂಡ.