ಮಗ್ಗ ನಿಂತ ಮಧ್ಯಾಹ್ನ

ಬೆಟಗೇರಿಯ ನಮ್ಮ ನೇಕಾರರ ಓಣಿಯ ಕಟ್ಟೆಯ ಮೇಲೆ ಒಂದು ಕರಿಹಲಗೆ ಇದೆ. ನಾನು ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಮಗ್ಗಕ್ಕೆ ಕೂರುವ ಮೊದಲು ನನ್ನ ಮಾವ ಅದರ ಮೇಲೆ ಒಂದು ಮಾತು ಬರೆಯುತ್ತಿದ್ದರು. ಮರುದಿನ ಬೆಳಿಗ್ಗೆಯವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಓಣಿಯಲ್ಲಿ ಸಾವಾದರೆ ಮಾತ್ರ ನಡುಹಗಲು ಹಲಗೆ ಅಳಿಸಿ ಆ ಸುದ್ದಿ ಬರೆಯುವುದು, ಅಳಿಸುವುದನ್ನು ಕಂಡವರು ಮಗ್ಗ ನಿಲ್ಲಿಸಿ ಹೊರಗೆ ಬರುವುದು ನಮ್ಮಲ್ಲಿಯ ರೂಢಿ.

ಮಾವ ಬರೆಯುತ್ತಿದ್ದವು ದೊಡ್ಡ ಉಪದೇಶಗಳೇನಲ್ಲ. ನಳ ಬಂದಾಗ ಪಕ್ಕದ ಮನೆಯವರನ್ನೂ ಎಬ್ಬಿಸಿ ಎಂದು ಬರೆದದ್ದೂ ಉಂಟು. ಆ ದಿನ ಬರೆದದ್ದು ಇಷ್ಟು: "ದೇವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಈ ಮೈಕು ಯಾರಿಗಾಗಿ?"

ಹಾಗೆ ಬರೆಯಲು ಕಾರಣವಿತ್ತು. ಹಿಂದಿನ ವಾರ ನಮ್ಮ ಧರ್ಮದವನೇ ಒಬ್ಬ ಭಾಷಣಕಾರ ನಾಲ್ಕು ರಸ್ತೆ ಕೂಡುವ ಚೌಕಿಗೆ ಬಂದು, ಆಚೆ ಓಣಿಯವರ ಅಂಗಡಿಗೆ ಬೆಂಕಿ ಬಿದ್ದರೆ ತನ್ನನ್ನು ಕೇಳಬೇಡಿ ಎಂದು ಮೈಕಿನಲ್ಲಿ ಹೇಳಿ ಹೋಗಿದ್ದ. ಅದಾದ ಮೇಲೆ ಆಚೆ ಓಣಿಯ ಇನ್ನೊಬ್ಬ ಅವನಿಗಿಂತ ದೊಡ್ಡ ಮೈಕು ತರಿಸಿ, ನಾವೇನೂ ಬಳೆ ತೊಟ್ಟುಕೊಂಡಿಲ್ಲ ಎಂದು ಕೂಗಿದ. ಕೈತುಂಬ ಬಳೆ ತೊಟ್ಟು ದಿನವಿಡೀ ದುಡಿಯುವ ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಇಬ್ಬರ ಸಭೆಯಲ್ಲೂ ಪೊಲೀಸರು ಇದ್ದರು, ಕೈಕಟ್ಟಿ ಕೇಳಿಸಿಕೊಂಡರು.

ಮಾವನ ಹಲಗೆಯನ್ನು ಯಾರೋ ಫೋಟೊ ಹೊಡೆದು ಮೊಬೈಲಿನಲ್ಲಿ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯವರಿಗೆ ಅದು ತಮಗೇ ಅಂದ ಮಾತು ಎಂದು ಖಾತ್ರಿಯಾಗಿತ್ತು. ಪೊಲೀಸ್ ಜೀಪು ಕಟ್ಟೆಯ ಮುಂದೆ ಬಂದು ನಿಂತಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಹಿಟ್ಟಿನ ಕೈಯಲ್ಲೇ ಓಡಿ ಬಂದೆ.

"ಅಜ್ಜಾರ, ಇದನ್ನ ಅಳಸ್ರಿ," ಅಂದರು ಸಾಹೇಬರು. ಹೊಸದಾಗಿ ವರ್ಗವಾಗಿ ಬಂದವರು.

"ನಾಳೆ ಮುಂಜಾನೆ ನಾನ ಅಳಸ್ತೇನ್ರಿ," ಅಂದರು ಮಾವ.

"ನಾಳೆತನಕ ಊರು ಉಳೀಬೇಕಲ್ಲ? ಈಗ ಅಳಸ್ರಿ."

ಮಾವ ಒದ್ದೆ ಬಟ್ಟೆ ತೆಗೆದುಕೊಂಡು ಅಳಿಸಿದರು. ಅಷ್ಟೇ. ಎದುರು ಮನೆಯ ಮಗ್ಗ ನಿಂತಿತು. ಅದರ ಪಕ್ಕದ್ದು ನಿಂತಿತು. ನೋಡನೋಡುತ್ತಿದ್ದಂತೆ ಓಣಿಗೆ ಓಣಿಯೇ ಸದ್ದಿಲ್ಲದೆ ಹೋಯಿತು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬಂದರು. ಒಬ್ಬಾಕೆ ಆಗಲೇ ಕಣ್ಣೊರೆಸಿಕೊಳ್ಳುತ್ತ, "ಯಾರು ಹೋದ್ರವ್ವಾ?" ಎಂದು ನನ್ನ ಕೈ ಹಿಡಿದಳು. ಗಂಡಸರು ಜೀಪಿನ ಸುತ್ತ ಗುಂಪಾದರು. ಸತ್ತವರ ಮನೆಯ ಮುಂದೆ ನಿಲ್ಲುವ ಹಾಗೆಯೇ, ಯಾರೂ ಮಾತಾಡಲಿಲ್ಲ.

ಆ ಮೌನ ಕಂಡು ಸಾಹೇಬರ ಮುಖ ಕೆಂಪಾಯಿತು.

"ನಮ್ಮ ಮುಂದನ ಓಣಿ ಬಂದ್ ಮಾಡಸ್ತೀರೇನು?"

"ಬಂದ್ ಅಲ್ರಿ ಸಾಹೇಬ್ರ," ಅಂದೆ. "ಹಲಗಿ ಅಳಿಸಿದ್ರ ಯಾರೋ ತೀರ್ಕೊಂಡ್ರು ಅಂತ ಮಂದಿ ಬರ್ತಾರ್ರಿ. ನಮ್ಮ ಪದ್ಧತಿ ಐತ್ರಿ."

"ಕಥಿ ಹೇಳಬ್ಯಾಡ್ರಿ."

ಮಾವನನ್ನು ಜೀಪು ಹತ್ತಿಸಿದರು. ಗಂಡ ಲಾರಿ ತೆಗೆದುಕೊಂಡು ಹೊರರಾಜ್ಯಕ್ಕೆ ಹೋಗಿದ್ದ. ನಾನು ಆಟೊ ಹಿಡಿದು ಹಿಂದೆಯೇ ಹೋದೆ.

ಠಾಣೆಯಲ್ಲಿ ಎರಡೂ ಗುಂಪಿನವರು ನಮಗಿಂತ ಮೊದಲೇ ಬಂದು ಕೂತಿದ್ದರು. ಈ ಕಡೆಯವರು, "ಅವರ ದೇವರಿಗೆ ಅಂದಿದ್ರ ಇಷ್ಟೊತ್ತಿಗೆ ಒಳಗ ಹಾಕ್ತಿದ್ರಿ," ಅಂದರು. ಆ ಕಡೆಯವರೂ ಅಕ್ಷರ ಬದಲಿಸದೆ ಅದನ್ನೇ ಅಂದರು. ಇಬ್ಬರಿಗೂ ಪೊಲೀಸರು ಇನ್ನೊಬ್ಬರ ಪರ ಎಂದೇ ನಂಬಿಕೆ. ಇಬ್ಬರಿಗೂ ಕುರ್ಚಿ ಸಿಕ್ಕಿತ್ತು, ಚಹಾ ಬಂದಿತ್ತು. ಗುಂಪಿಲ್ಲದ ನನ್ನ ಮಾವ ಗೋಡೆಗೆ ಒರಗಿ ನಿಂತಿದ್ದರು. ಕಾನೂನು ಯಾರ ಪರ ಎಂಬುದು ನನಗೆ ಆ ಕುರ್ಚಿಗಳನ್ನು ನೋಡಿಯೇ ತಿಳಿಯಿತು.

"ಚೌಕ್ಯಾಗ ಬೆಂಕಿ ಮಾತಾಡಿದವನ ಮ್ಯಾಲೆ ಕೇಸ್ ಹಾಕೀರೇನ್ರಿ?" ಎಂದು ಕೇಳಿಯೇ ಬಿಟ್ಟೆ.

"ಯಾರೂ ಫಿರ್ಯಾದಿ ಕೊಟ್ಟಿಲ್ಲ."

"ನಾ ಕೊಡ್ತೇನಿ, ಬರಕೋರಿ. ಇಬ್ಬರ ಮ್ಯಾಲೂ ಕೊಡ್ತೇನಿ."

ಎರಡೂ ಗುಂಪು ಒಟ್ಟಿಗೇ ನನ್ನತ್ತ ತಿರುಗಿದವು. ಸಾಹೇಬರು ಪೆನ್ನು ಕೆಳಗಿಟ್ಟು ದನಿ ಮೆತ್ತಗೆ ಮಾಡಿದರು.

"ಅಕ್ಕಾರ, ನಿಮ್ಮ ಮಗಳು ಕಾನ್‌ಸ್ಟೇಬಲ್ ಪರೀಕ್ಷಾ ಪಾಸಾಗ್ಯಾಳಂತ. ಚಲೋ ಆತು. ನೌಕರಿ ಕೊಡೂ ಮೊದಲ ಮನಿತನದ ವಿಚಾರಣೆ ನಮ್ಮ ಠಾಣೆಗೇ ಬರತೈತಿ."

ಅವಳು ದಿನಾ ನಸುಕಿನಲ್ಲಿ ಎದ್ದು ಮೈದಾನದಲ್ಲಿ ಓಡಿ, ಕಾಲು ಬಾತರೂ ಬಿಡದೆ ಗಳಿಸಿದ ನೌಕರಿ ಅದು. ಇನ್ನು ಹಲಗೆಯ ಮೇಲೆ ಏನೂ ಬರೆಯುವುದಿಲ್ಲ ಎಂಬ ಮುಚ್ಚಳಿಕೆಯನ್ನು ಮಾವನ ಮುಂದಿಟ್ಟರು. ಆದರೂ ನಾನು ಹಟ ಬಿಡಲಿಲ್ಲ. "ಮಾವಾರ, ಸಹಿ ಮಾಡಬ್ಯಾಡ್ರಿ. ನಾವೇನು ತಪ್ಪು ಮಾಡೇವಿ?" ಅಂದೆ.

"ಕೂಸಿನ ನೌಕರಿ ಐತವ್ವಾ," ಅಂದರು ಮಾವ. ಮುಚ್ಚಳಿಕೆಗೆ ಸಹಿ ಹಾಕಿ, ಸಾಹೇಬರಿಗೆ ಕೈಮುಗಿದು ಹೊರಗೆ ಬಂದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಎತ್ತಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ನೇರ ಮಗ್ಗಕ್ಕೆ ಕೂರತೊಡಗಿದರು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಮಗಳಿಗೆ ನೌಕರಿಯಾಯಿತು. ತರಬೇತಿ ಮುಗಿದು ಮುಂಡರಗಿ ಕಡೆ ಹಾಕಿದರು. ಮೊನ್ನೆ ನಮ್ಮ ಚೌಕಿನ ಅದೇ ಭಾಷಣಕಾರ ಅಲ್ಲಿಗೂ ಬಂದಿದ್ದ. ಬಂದೋಬಸ್ತಿಗೆ ಮಗಳಿಗೂ ಕರೆ ಬಂದಿತ್ತು. ಸಂಜೆ ಅವಳ ಫೋನು ಬಂದಾಗ ನಾನು ಕಸಬರಿಗೆ ಹಿಡಿದಿದ್ದೆ, ಸ್ಪೀಕರ್ ಹಾಕಿ ಕಿಟಕಿಯಲ್ಲಿ ಇಟ್ಟೆ.

"ಅವ್ವಾ, ಅಜ್ಜ ಬಾಜೂಕ ಅದಾರೇನು?"

"ಇಲ್ಲ, ಹಿತ್ತಲದಾಗ ಅದಾರ. ಯಾಕವ್ವಾ?"

"ಭಾಷಣದ ವಿಡಿಯೊ ಮಾಡೂ ಡ್ಯೂಟಿ ನನಗ ಕೊಟ್ಟಿದ್ರು. ಅವ ಬಿಸಿ ಮಾತು ಚಾಲೂ ಮಾಡಿದ ಕೂಡಲೇ ಬಂದ್ ಮಾಡು, ಬ್ಯಾಟರಿ ಮುಗೀತು ಅನ್ನು ಅಂತ ಮ್ಯಾಲಿನವರು ಹೇಳಿದ್ರು."

ನಾನು ಕಸಬರಿಗೆ ಬಿಟ್ಟೆ. "ಮಾಡಿದೇನು?"

"ಇಲ್ಲ. ಕಡೀತನಕ ಹಿಡಕೊಂಡು ನಿಂತೆ. ಅವ ಅಂದದ್ದೆಲ್ಲಾ ಅದರಾಗ ಐತಿ. ನಾಳೆ ಮುಂಜಾನೆ ಸಾಹೇಬ್ರು ಕರದಾರ." ಅವಳು ದನಿ ತಗ್ಗಿಸಿದಳು. "ಅಜ್ಜಗ ಹೇಳಬ್ಯಾಡವ್ವಾ. ಈ ನೌಕರಿ ಸಲುವಾಗಿ ಅವರು ಬರಿಯೂದು ಬಿಟ್ಟಾರ. ನಾ ಹಿಂಗ ಮಾಡೇನಿ ಅಂತ ಗೊತ್ತಾದ್ರ ಏನ್ ತಿಳಕೋತಾರೋ."

ಹಿಂದೆ ಏನೋ ಸದ್ದಾಗಿ ತಿರುಗಿ ನೋಡಿದೆ. ಮಾವ ಹಿತ್ತಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ಅಳುತ್ತಿದ್ದರು. ಠಾಣೆಯಲ್ಲಿ ಅಳದ ಮನುಷ್ಯ ಮಕ್ಕಳ ಹಾಗೆ ಬಿಕ್ಕುತ್ತಿದ್ದರು. ನನಗೆ ಮಗಳ ಬಗ್ಗೆ ಭಯವೋ ಹೆಮ್ಮೆಯೋ ತಿಳಿಯಲಿಲ್ಲ. ಫೋನು ತೆಗೆದು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕಡೆಯಿಂದ ಮಗಳು, "ಅವ್ವಾ? ಅವ್ವಾ?" ಅನ್ನುತ್ತಲೇ ಇದ್ದಳು.

"ನಾನವ್ವಾ, ಅಜ್ಜ," ಅಂದರು ಕೊನೆಗೆ. "ನಾಳೆ ಎಷ್ಟು ಗಂಟೇಕ ಕರದಾರ? ನಾನೂ ಬರ್ತೇನಿ."