ಹೊಳೆಪೇಟೆಯ ಒಡ್ಡು, ನಾನು ಬರೆದ ಒಂದು ಸಾಲು

ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಕುಂಬಾರಕೊಪ್ಪಲಿನ ಮನೆಯಿಂದ ಹೊರಟೆ. ಒಂದು ಕೊಡೆ, ಒಂದು ಕೈಚೀಲ. ಚೀಲದಲ್ಲಿ ಒಂದು ಜೊತೆ ಪಂಚೆ ಮತ್ತು ಹೆಂಡತಿ ಕಟ್ಟಿಕೊಟ್ಟ ಹುಳಿ ಅವಲಕ್ಕಿ. ಮೂರು ದಿನದಿಂದ ಸೋನೆ ಹಿಡಿದಿತ್ತು. ಮೈಸೂರಿನ ಸೋನೆಯಿಂದ ಬಟ್ಟೆ ಒಣಗುವುದಿಲ್ಲ, ಅಷ್ಟೇ. ಆದರೆ ವೈನಾಡಿನ ಕಡೆ ಜೋರು ಮಳೆಯೆಂದು ಹಿಂದಿನ ದಿನದ ಪತ್ರಿಕೆಯಲ್ಲಿ ಓದಿದ್ದೆ. ಅಲ್ಲಿ ಸುರಿದದ್ದು ಎರಡು ಮೂರು ದಿನದಲ್ಲಿ ಕಪಿಲೆಗೆ ಬಂದೇ ಬರುತ್ತದೆ.

“ಈ ಮಳೇಲಿ ಎಲ್ಲಿಗ್ರೀ?” ಎಂದು ಹೆಂಡತಿ ಕೇಳಿದಳು.

“ಹೊಳೆಪೇಟೆಗೆ. ಒಡ್ಡು ಮುಗೀತಾ ಬಂತಂತೆ, ನೋಡ್ಕೊಂಡು ಬರ್ತೀನಿ.”

“ರಿಟೈರಾಗಿ ಮೂರು ವರ್ಷ ಆಯ್ತು. ಕೆಲಸ ಇದ್ದಾಗ ಇಷ್ಟು ಬೇಗ ಎದ್ದಿದ್ದು ನಾ ಕಾಣೆ.”

ಅವಳಿಗೂ ನಾನು ನಿಜ ಹೇಳಿರಲಿಲ್ಲ. ಹೊಳೆಪೇಟೆ ಎಂಬುದು ಆ ಊರಿನ ನಿಜವಾದ ಹೆಸರೂ ಅಲ್ಲ. ಕಪಿಲೆಯ ದಂಡೆಯ ಮೇಲಿನ ಸಣ್ಣ ಪೇಟೆ ಎಂದಷ್ಟು ತಿಳಿದರೆ ಸಾಕು.

ಹಿಂದಿನ ವಾರ ಮಾರುಕಟ್ಟೆಯ ಬಾಗಿಲಲ್ಲಿ ಟವೆಲು ಮಾರುತ್ತಿದ್ದವನೊಬ್ಬ ನನ್ನನ್ನು ತಡೆದು ನಿಲ್ಲಿಸಿದ್ದ. ಹೆಸರು ನಂಜುಂಡ, ಹೊಳೆಪೇಟೆಯ ನೇಕಾರ. “ಏನ್ ಬುದ್ದಿ, ಗುರ್ತು ಸಿಕ್ಲಿಲ್ವಾ? ದುರ್ಬೀನು ಇಟ್ಟು ನಮ್ಮೂರ ಹೊಳೆ ಅಳ್ದೋರು ನೀವಲ್ವಾ? ನಿಮ್ ಪುಣ್ಯದಿಂದ ಒಡ್ಡು ಆಗೋಯ್ತು. ಈ ಸಲ ನಾವು ಮಳೇಗಾಲಕ್ಕೆ ಮೇಲಿನ ಬೀದಿಗೆ ಗುಳೆ ಹೋಗಲ್ಲ. ಹೊಳೆಬೀದೀಲೇ ಹೊಸದಾಗಿ ಏಳು ಗುಂಡಿ ತೋಡ್ಬುಟ್ಟಿದೀವಿ” ಎಂದ. ಅವರದು ಗುಂಡಿಮಗ್ಗ, ನೇಯುವವನು ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರಬೇಕು. ನೀರು ಬಂದರೆ ಮೊದಲು ತುಂಬುವುದು ಆ ಗುಂಡಿ. ಒಂದು ಟವೆಲನ್ನು ನನ್ನ ಹೆಗಲಿಗೆ ಹಾಕಿ, ದುಡ್ಡು ಬೇಡವೆಂದು ಕೈಮುಗಿದ. ಅಂದಿನಿಂದ ನನಗೆ ಊಟ ಸೇರಲಿಲ್ಲ.

ರೈಲು ಮೈಸೂರು ಬಿಟ್ಟಾಗ ಏಳೂಕಾಲು. ನಂಜನಗೂಡಿಗೆ ಮೂರನೆಯ ದರ್ಜೆಗೆ ನಲವತ್ತೈದು ನಯಾಪೈಸೆ. ಕಿಟಕಿಯ ಮರದ ಬಾಗಿಲು ಎತ್ತಿದರೆ ಎರಚಲು, ಇಳಿಸಿದರೆ ಬೀಡಿ ಹೊಗೆ. ಕಡಕೊಳದಲ್ಲಿ ಹತ್ತಿದ ಒಬ್ಬ ವ್ಯಾಪಾರಿ ವೀಳ್ಯದೆಲೆಯ ಪೆಂಡಿಯನ್ನು ನನ್ನ ಕಾಲ ಮೇಲೆಯೇ ಇಟ್ಟು, ಭಾರವಾಯಿತೇ ಎಂದು ವಿಚಾರಿಸಿ, ಹಾಗೆಯೇ ಬಿಟ್ಟ. ನಂಜನಗೂಡಿನ ಹಳೆಯ ಸೇತುವೆಯ ಮೇಲೆ ರೈಲು ನಿಧಾನವಾಯಿತು. ಎಲ್ಲರೂ ಒಂದೇ ಕಡೆ ಬಗ್ಗಿ ನೋಡಿದರು. ಹೊಳೆ ಕೆಂಪಾಗಿತ್ತು, ಮಧ್ಯದಲ್ಲಿ ಬೇರು ಸಮೇತ ಒಂದು ಮರ ತಿರುಗುತ್ತ ಹೋಗುತ್ತಿತ್ತು.

“ಬಂದದೆ ಕಣ್ರೀ” ಎಂದ ಎಲೆ ವ್ಯಾಪಾರಿ. “ಮೊನ್ನೆ ಆ ಕಮಾನು ಪೂರ್ತಿ ಕಾಣ್ತಿತ್ತು. ಈಗ ನೋಡಿ, ಹುಬ್ಬು ಮಾತ್ರ ಅದೆ.”

ನನ್ನ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರಾಗಿದ್ದೆ. ಹೊಳೆದಂಡೆಯ ಸಣ್ಣ ಊರುಗಳಿಗೆ ಸರ್ಕಾರದ ಖರ್ಚಿನಲ್ಲಿ ಒಡ್ಡು ಕಟ್ಟಬೇಕೆಂದು ತೀರ್ಮಾನವಾದಾಗ, ಹಿಂದೆ ಬಂದ ದೊಡ್ಡ ನೆರೆಯ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಅಳೆದು ತರಲು ನನ್ನನ್ನು ಹೊಳೆಪೇಟೆಗೆ ಕಳುಹಿಸಿದರು. ಅಲ್ಲಿ ಸ್ನಾನಘಟ್ಟದ ಮಂಟಪದ ಕಂಬದಲ್ಲಿ ಒಂದು ಗೆರೆ ಕೊರೆದಿದೆ. ಅರಿಸಿನ ಕುಂಕುಮ ಹಚ್ಚಿ ಹಚ್ಚಿ ಕಲ್ಲೇ ಹಳದಿಯಾಗಿದೆ. ದೊಡ್ಡ ನೆರೆಯ ಗುರುತು ಅದೇ ಎಂದು ಊರಿನ ಗಂಡಸರು ತೋರಿಸಿದರು. ನಾನು ಮಟ್ಟ ನೋಡುವ ದುರ್ಬೀನನ್ನು ಮುಕ್ಕಾಲಿಯ ಮೇಲಿಟ್ಟು ಅಳೆದುಕೊಂಡೆ. ಜೊತೆಗೆ ಬಂದಿದ್ದ ಖಲಾಸಿ ಅದನ್ನು ಮಡಿಸಿ ಕಟ್ಟುತ್ತಿದ್ದಾಗ ಹೊಳೆಬೀದಿಯ ಪುಟ್ಟಮ್ಮ ಎಂಬ ಮುದುಕಿ ಬಂದಳು.

“ಸ್ವಾಮಿ, ಅದು ನೀರು ನಿಂತ ಗುರ್ತಲ್ಲ, ಪೂಜೆ ಗುರ್ತು” ಎಂದಳು. “ಏರೋ ಗಂಗೆಗೆ ಅಳತೆ ಇಡಬಾರ್ದು, ಕರ್ದಂಗಾಗ್ತದೆ. ಇಳಿಯೋಕೆ ಸುರು ಆಗಿ ಒಂದು ದಿನ ಕಳುದ್ಮೇಲೆ ಮುತ್ತೈದೇರು ಹೋಗಿ ಬಾಗಿನ ಕೊಡೋದು, ಆಗ ನೀರಿದ್ದ ಕಡೆ ಬೊಟ್ಟು ಇಡೋದು. ಗಂಡಸ್ರಿಗೆ ಅದೆಲ್ಲ ಏನು ಗೊತ್ತು? ಅಸಲು ನೀರು ಅಲ್ಲಿಂದ ಮೂರು ಮೊಳ ಮ್ಯಾಲಿತ್ತು. ನಮ್ಮನೆ ತೊಲೆ ತೋರುಸ್ತೀನಿ ಬನ್ನಿ.”

ಅವಳ ಮನೆ ಇನ್ನೂರು ಹೆಜ್ಜೆ ದೂರ. ನಾಲ್ಕು ಗಂಟೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಹೋಗಲಿಲ್ಲ. ಅಳತೆಯ ಪುಸ್ತಕದಲ್ಲಿ ‘ಗ್ರಾಮಸ್ಥರು ತೋರಿಸಿದ ಗುರುತು, ವಿಚಾರಿಸಿ ಖಚಿತಪಡಿಸಿಕೊಳ್ಳಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ನೆರೆಯ ಗುರುತಿಗಿಂತ ಮೂರಡಿ ಎತ್ತರಿಸಿ ಒಡ್ಡು ಕಟ್ಟುವುದು ವಾಡಿಕೆ. ಮೂರು ಮೊಳವೆಂದರೆ ನಾಲ್ಕೂವರೆ ಅಡಿ. ಪುಟ್ಟಮ್ಮ ಹೇಳಿದ್ದು ನಿಜವಾಗಿದ್ದರೆ, ಆ ದೊಡ್ಡ ನೆರೆ ಮತ್ತೆ ಬಂದರೆ ಒಡ್ಡಿನ ಮೇಲೆ ಒಂದೂವರೆ ಅಡಿ ನೀರು ಹರಿಯುತ್ತದೆ. ಮೊದಲು ಸೋಮಾರಿತನದಿಂದ ಸುಮ್ಮನಿದ್ದೆ; ನಕ್ಷೆ ಮಂಜೂರಾದ ಮೇಲೆ ಹೆದರಿ ಸುಮ್ಮನಿದ್ದೆ; ರಿಟೈರಾದ ಮೇಲೆ, ಮುದುಕಿ ಏನೋ ಅಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಡ್ಡೇ ಇಲ್ಲದಿದ್ದಾಗ ಆ ಬೀದಿಯವರು ಪ್ರತಿ ಆಷಾಢದಲ್ಲೂ ಎದ್ದು ಹೋಗುತ್ತಿದ್ದರು. ಈಗ ನನ್ನ ಸಹಿಯನ್ನು ನಂಬಿ ಗುಂಡಿ ತೋಡಿ ಕೂತಿದ್ದಾರೆ.

ನಂಜನಗೂಡಿನಿಂದ ಹೊಳೆಪೇಟೆಗೆ ಎಂಟು ಮೈಲಿ. ಹತ್ತು ಗಂಟೆಯ ಬಸ್ಸು ಹನ್ನೊಂದಕ್ಕೆ ಹೊರಟು, ಎರಡು ಕಡೆ ಕೆಸರಿನಲ್ಲಿ ಹೂತುಕೊಂಡಿತು. ಇಳಿದು ತಳ್ಳಿದೆವು. ಕಂಡಕ್ಟರು ನನ್ನನ್ನು ಮಾತಿಗೆಳೆದ.

“ಒಡ್ಡು ನೋಡೋಕಾ ಯಜಮಾನ್ರೇ? ಮಂತ್ರಿಗಳು ಬರೋದು ಮುಂದಿನ ತಿಂಗಳು. ನೀವು ಬೇಗ ಬಂದ್ಬುಟ್ರಿ.”

“ಹೊಳೆ ಮಂತ್ರಿಗಳನ್ನ ಕಾಯುತ್ತಾ?” ಎಂದೆ. ಅವನು ನಕ್ಕ. ನಾನು ನಗಿಸಲು ಹೇಳಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಒಡ್ಡನ್ನು ಕಂಡೆ. ಅರ್ಧ ಮೈಲಿ ಉದ್ದ. ಹೊಳೆಯ ಕಡೆಗೆ ಕಲ್ಲು ಹೊದಿಕೆ, ಊರಿನ ಕಡೆಗೆ ಹುಲ್ಲು ನಾಟಿದ ಇಳಿಜಾರು. ಮೇಲೆ ಒಂದು ಎತ್ತಿನಗಾಡಿ ಆರಾಮವಾಗಿ ಹೋಗುವಷ್ಟು ಅಗಲ. ಅಗಸರ ಕಟ್ಟೆಯ ಕಡೆ ಅರವತ್ತು ಅಡಿಯಷ್ಟು ಕಲ್ಲು ಕೂರಿಸುವುದು ಬಾಕಿಯಿತ್ತು. ಒಳ್ಳೆಯ ಕೆಲಸ, ಇಷ್ಟು ಗಟ್ಟಿಯಾದ ಮಣ್ಣಿನ ಕೆಲಸವನ್ನು ನನ್ನ ನೌಕರಿಯಲ್ಲಿ ಹೆಚ್ಚು ನೋಡಿರಲಿಲ್ಲ. ಆ ಕಡೆ ಹೊಳೆ, ಒಡ್ಡಿನ ತಲೆಗಿಂತ ಆರಡಿ ಕೆಳಗೆ. ಈ ಕಡೆ ಹೊಳೆಬೀದಿಯ ಹೆಂಚುಗಳು. ಒಳಗಿನಿಂದ ಮಗ್ಗಗಳ ಸದ್ದು ಬರುತ್ತಿತ್ತು. ನಾನು ನಿಂತ ಜಾಗದಿಂದ ನೋಡಿದರೆ ಆ ನೆಲ ಹೊಳೆಯ ನೀರಿಗಿಂತ ತಗ್ಗಿನಲ್ಲಿತ್ತು.

ತಗಡಿನ ಷೆಡ್ಡಿನಲ್ಲಿ ಕಿರಿಯ ಎಂಜಿನಿಯರು ಊಟ ಮಾಡುತ್ತಿದ್ದರು. ಮೂವತ್ತು ದಾಟದ ಹುಡುಗ. ನನ್ನ ಹೆಸರು ಹೇಳಿದೊಡನೆ ಎದ್ದು ಸ್ಟೂಲು ಕೊಟ್ಟರು. ಅಳತೆಯ ಪುಸ್ತಕದಲ್ಲಿ ನನ್ನ ಸಹಿ ನೋಡಿದ್ದರಂತೆ. ಕೂರದೆ ಎಲ್ಲವನ್ನೂ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಬಹಳ ಹೊತ್ತು ಒರೆಸಿಕೊಂಡರು.

“ವಿಚಾರಿಸಿ ಖಚಿತಪಡಿಸಿಕೊಳ್ಳಲಾಗಿದೆ ಅಂತ ಬರ್ದಿದೀರಲ್ಲ, ಯಜಮಾನ್ರೇ.”

“ವಿಚಾರಿಸಲಿಲ್ಲ. ಹೇಳೋಕೆ ಬಂದೋಳ ಮಾತೂ ಕೇಳಲಿಲ್ಲ.”

“ಎರಡು ವರ್ಷದ ಹಿಂದೆ, ಮಣ್ಣು ಹಾಕೋಕೆ ಮುಂಚೆ ಹೇಳಿದ್ರೆ ನಕ್ಷೆ ತಿದ್ದೋದು ಎಂಟು ದಿನದ ಕೆಲಸ. ಈಗ ಹೇಳ್ತಿದೀರಿ, ಹೊಳೆ ಏರ್ತಾ ಇರೋವಾಗ.” ಅವರ ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ಮೊದಲು ಆ ತೊಲೆ ತೋರಿಸಿ.”

ಪುಟ್ಟಮ್ಮನಿಗೆ ಈಗ ಎಂಬತ್ತರ ಮೇಲೆ. ಕಣ್ಣು ಮಂಜಾಗಿತ್ತು, ನೆನಪು ಮಂಜಾಗಿರಲಿಲ್ಲ.

“ಬಸ್ಸಿಗೆ ಹೊತ್ತಾಯ್ತು ಅಂತ ಓಡಿದೋರಾ? ಈಗ ಬಸ್ಸು ಇಲ್ವಾ?” ಎಂದಳು.

ಏಣಿ ಹಾಕಿ ನಾನೇ ಹತ್ತಿದೆ. ನಡುಮನೆಯ ತೊಲೆಗೆ ಹಿಂದೆ ತೊಟ್ಟಿಲು ಕಟ್ಟಲು ಕೊರೆದ ಒಂದು ತೂತಿತ್ತು. ಅವಳು ಕೆಳಗಿನಿಂದ ಹೇಳಿದಂತೆ ಬೆರಳು ಹಾಕಿ ಕೆದಕಿದೆ. ಅಂಗೈಗೆ ಹೊಳೆಯ ಮರಳು ಉದುರಿತು, ಅದರೊಳಗೆ ಒಂದು ಸಣ್ಣ ಕಪ್ಪೆಚಿಪ್ಪೂ ಇತ್ತು. ಎಂಜಿನಿಯರು ದುರ್ಬೀನು ತರಿಸಿ ಬೀದಿಯಿಂದಲೇ ಅಳೆದರು. ಕಂಬದ ಗೆರೆಗಿಂತ ಆ ತೂತು ನಾಲ್ಕೂಮುಕ್ಕಾಲು ಅಡಿ ಮೇಲಿತ್ತು. ಮುದುಕಿ ಮೂರು ಮೊಳವೆಂದು ಹೇಳಿದ್ದು ಕಡಿಮೆಯೇ ಆಯಿತು.

ಷೆಡ್ಡಿಗೆ ಹಿಂತಿರುಗಿ ಎರಡು ಪುಟದ ತಪ್ಪೊಪ್ಪಿಗೆ ಬರೆದುಕೊಟ್ಟೆ. “ಇದರ ಮೇಲೆ ಒಡ್ಡು ಎತ್ತರಿಸೋಕೆ ಕೇಳ್ತೀನಿ. ನಿಮ್ಮ ಪೆನ್ಷನ್ನಿಗೆ ಏನಾಗುತ್ತೋ ಗೊತ್ತಿಲ್ಲ” ಎಂದರು ಎಂಜಿನಿಯರು. ಆಗಲಿ ಎಂದೆ. “ಬೀದಿಯವರಿಗೆ ಇಬ್ಬರೂ ಹೋಗಿ ಹೇಳೋಣ. ಆದ್ರೆ ಮಾತು ನೀವು ಆಡಿ.”

ನಂಜುಂಡನ ಜಗಲಿಯ ಮುಂದೆ ಇಪ್ಪತ್ತು ಜನ ಸೇರಿದರು. ಒಡ್ಡು ಸಾಲದು, ಮಗ್ಗ ಬಿಚ್ಚಿಕೊಂಡು ಮೇಲಿನ ಬೀದಿಗೆ ಹೋಗಿ ಎಂದೆ. ಯಾರೂ ಕದಲಲಿಲ್ಲ.

“ಕಟ್ಟೋಕೆ ಮುಂಚೆ ಹೇಳಿದ್ರೆ ನಾವೂ ನಾಕು ಪುಟ್ಟಿ ಮಣ್ಣು ಜಾಸ್ತಿ ಹೊರ್ತಿದ್ವಲ್ಲ ಬುದ್ದಿ” ಎಂದ ಒಬ್ಬ. ಎಲ್ಲರೂ ನಕ್ಕರು.

“ಮಗ್ಗಕ್ಕೆ ಹಾಸುನೂಲು ಕಟ್ಟಿ ಮೂರು ದಿನ ಆಗಿಲ್ಲ” ಎಂದ ನಂಜುಂಡ. “ಬಿಚ್ಚಿದ್ರೆ ನೂಲೆಲ್ಲ ಗಂಟು. ಸರ್ಕಾರ ಕಟ್ಟಿರೋದು ಸುಳ್ಳಾ, ನೀವು ಹೇಳೋದು ಸುಳ್ಳಾ? ಯಾವುದಾದ್ರೂ ಒಂದು ಹೇಳಿ.”

“ನಾನು ಬರೆದದ್ದು ಸುಳ್ಳು. ಅದನ್ನ ನಂಬಿ ಕಟ್ಟಿದ್ದಾರೆ” ಎಂದೆ. ನಗು ನಿಂತಿತು, ಆದರೂ ಯಾರೂ ಏಳಲಿಲ್ಲ.

ತನ್ನ ಮನೆಯಿಂದ ಪುಟ್ಟಮ್ಮ ಮೊಮ್ಮಗಳ ಜೊತೆ ಗೋಡೆ ಹಿಡಿದುಕೊಂಡು ಬಂದಳು. “ಅವತ್ತು ನನ್ ಮಾತು ನೀವು ನಂಬ್ಲಿಲ್ಲ. ಇವತ್ತು ನಿಮ್ ಮಾತು ಇವ್ರು ನಂಬ್ತಿಲ್ಲ. ಎಂಗಿರ್ತದೆ ಗೊತ್ತಾಯ್ತಾ?” ಎಂದು ನನಗೆ ಹೇಳಿ, ಮೊಮ್ಮಗಳ ಕಡೆ ತಿರುಗಿದಳು. “ನನ್ ಚಾಪೆ ಸುತ್ತು ಕಣಮ್ಮ. ಇವ್ರು ನೂಲು ನೋಡ್ಕಳ್ಳಿ, ನಾನು ಜೀವ ನೋಡ್ಕತೀನಿ.”

ಅವಳು ಮೇಲಿನ ಬೀದಿಗೆ ಹೊರಟ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಪಾತ್ರೆ ಕಟ್ಟತೊಡಗಿದರು. ಹೆಂಗಸರು ಎದ್ದ ಮೇಲೆ ಗಂಡಸರು ಬೈದುಕೊಳ್ಳುತ್ತ ಹಾಸು ಬಿಚ್ಚಿದರು. ದೀಪ ಹಚ್ಚುವ ಹೊತ್ತಿಗೆ ಬೀದಿ ಖಾಲಿಯಾಯಿತು. ನಂಜುಂಡನ ಮಗ್ಗದ ಮರದ ಒಂದು ತುದಿಯನ್ನು ನಾನು ಹೊತ್ತೆ. ಮೇಲಿನ ಬೀದಿಯ ಛತ್ರದಲ್ಲಿ ಅವರ ಜೊತೆಗೇ ಮಲಗಿದೆ.

ಬುಧವಾರ ದಿನವಿಡೀ ಹೊಳೆ ಏರಿತು. ಎಂಜಿನಿಯರು ಕೂಲಿಗಳನ್ನು ಹಚ್ಚಿ ಅಗಸರ ಕಟ್ಟೆಯ ಕಡೆ ಮರಳಿನ ಮೂಟೆ ಪೇರಿಸಿದರು. ನಾನು ಅರ್ಧ ಗಂಟೆಗೊಮ್ಮೆ ಒಡ್ಡಿನ ಕಲ್ಲು ಎಣಿಸುತ್ತಿದ್ದೆ. ಬೆಳಿಗ್ಗೆ ತಲೆಯಿಂದ ಕೆಳಗೆ ಏಳು ಸಾಲು ಕಲ್ಲು ಕಾಣುತ್ತಿತ್ತು; ಮಧ್ಯಾಹ್ನ ಐದು; ಸಂಜೆ ಮೂರು. ಊರಿನ ಕಡೆ ಒಡ್ಡಿನ ಬುಡದಲ್ಲಿ ಒಂದು ಕಡೆ ನೀರು ಜಿನುಗಿದಾಗ ಕೂಗಿ ಕರೆದೆ. ಎಂಜಿನಿಯರು ಬಂದು ನೋಡಿ, “ತಿಳಿ ನೀರು. ಕೆಂಪು ಬಂದ್ರೆ ಒಳಗಿನ ಮಣ್ಣು ಕೊಚ್ತಿದೆ ಅಂತ, ಆಗ ಹೆದರಬೇಕು” ಎಂದರು. ಕತ್ತಲಾಗುವವರೆಗೆ ಆ ನೀರಿನ ಬಣ್ಣ ನೋಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಎರಡು ಸಾಲು. ಎಂಟು ಗಂಟೆಗೂ ಎರಡೇ ಸಾಲು. ಹತ್ತಕ್ಕೆ ಮೂರನೆಯ ಸಾಲು ಒದ್ದೆಯಾಗಿ ಮೇಲೆದ್ದು ಕಂಡಿತು. ಹೊಳೆ ಇಳಿಯತೊಡಗಿತ್ತು. ಬಂದದ್ದು ದೊಡ್ಡ ನೆರೆಯಲ್ಲ; ಅಲ್ಲಿಯ ಹಳಬರ ಲೆಕ್ಕದಲ್ಲಿ ಸಾಧಾರಣ ನೆರೆ. ನಾನು ಒಡ್ಡಿನ ಮೇಲೆ ನಿಂತು ಕೈಮುಗಿದೆ. ತಿರುಗಿ ನೋಡಿದರೆ ಹಿಂದೆ ನಂಜುಂಡ ನಿಂತಿದ್ದ.

“ತಡೀತಲ್ಲ ಬುದ್ದಿ” ಎಂದ.

“ಇದು ಸಣ್ಣದು, ನಂಜುಂಡ. ದೊಡ್ಡದು ಬಂದ್ರೆ ತಡೆಯಲ್ಲ. ಒಡ್ಡು ಎತ್ತರಿಸೋವರೆಗೂ ಮಳೇಗಾಲದಲ್ಲಿ ಹೊಳೆಬೀದಿಗೆ ಇಳೀಬೇಡಿ.”

“ನಿಮ್ ಮಾತು ಕೇಳಿ ನಾಕು ಹಾಸು ಕೆಡಿಸ್ಕೊಂಡ್ವಿ. ಬೀದಿಯೋರೆಲ್ಲ ನೋಡವ್ರೆ, ನೀರು ಬಂತು, ಒಡ್ಡು ತಡೀತು. ಇನ್ ಮ್ಯಾಲೆ ಯಾರಿಗೆ ಹೇಳ್ತೀರಿ?” ಸಿಟ್ಟಿನಿಂದ ಹೇಳಲಿಲ್ಲ, ಮನೆಯ ಮುದುಕರಿಗೆ ಹೇಳುವಂತೆ ಹೇಳಿದ. “ನೀವು ಸುಮ್ನೆ ಹೆದರ್ಕೊಂಡಿದೀರಿ. ಊಟ ಮಾಡ್ಕೊಂಡು ಹೋಗಿ.”

ಎಂಜಿನಿಯರು ನನ್ನ ಕಾಗದವನ್ನು ಮೇಲಿನವರಿಗೆ ಕಳುಹಿಸಿರುವುದಾಗಿ ಹೇಳಿದರು. ಮಂಜೂರಾತಿ ಬೇಗ ಬಂದರೆ ಬರುವ ಬೇಸಗೆಯಲ್ಲಿ ಮಣ್ಣು ಏರಿಸಬಹುದು. ತಡವಾದರೆ ಅದರ ಮುಂದಿನ ಬೇಸಗೆ. ಅಲ್ಲಿಯವರೆಗೆ ಬೀದಿ ಖಾಲಿ ಮಾಡಿಸುವ ಅಧಿಕಾರ ತಮಗಿಲ್ಲ ಎಂದರು.

ನಾಲ್ಕು ಗಂಟೆಯ ಬಸ್ಸಿಗೆ ಹತ್ತಿದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಬಸ್ಸು ಮೇಲಿನ ಬೀದಿಯ ತಿರುವಿಗೆ ಬಂದಾಗ ಎದುರಿಗೆ ಹೊಳೆಬೀದಿಯವರ ಸಾಲು ಸಿಕ್ಕಿತು. ಮಗ್ಗದ ಮರ, ಚಾಪೆ, ಕೋಳಿಯ ಬುಟ್ಟಿ ಹೊತ್ತು ಎಲ್ಲರೂ ಇಳಿಜಾರಿನಲ್ಲಿ ಕೆಳಕ್ಕೆ ಹೋಗುತ್ತಿದ್ದರು. ಹೆಂಗಸರು ನಗುತ್ತಿದ್ದರು. ಒಬ್ಬ ತಗಡಿನ ಡಬ್ಬಿ ಹಿಡಿದಿದ್ದ. ಗುಂಡಿಯಲ್ಲಿ ನಿಂತ ಮಳೆನೀರು ಎತ್ತಿ ಹಾಕುವುದಕ್ಕಿರಬೇಕು. ಡ್ರೈವರು ಬಸ್ಸು ನಿಲ್ಲಿಸಿ ಅವರಿಗೆ ದಾರಿ ಬಿಟ್ಟ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೋಗಬೇಡಿರೆಂದು ಕೂಗಿದೆ. ಯಾರೋ ಕೈ ಬೀಸಿದರು. ಹೋಗಿಬನ್ನಿ ಎಂದು ಇರಬೇಕು.

ಛತ್ರದ ಜಗಲಿಯ ಮೇಲೆ ಪುಟ್ಟಮ್ಮ ಒಬ್ಬಳೇ ಕಾಲು ಚಾಚಿ ಕೂತಿದ್ದಳು. ಮೊಮ್ಮಗಳು ಅವಳ ಕೈ ಹಿಡಿದು ಎಬ್ಬಿಸಲು ನೋಡುತ್ತಿದ್ದಳು. ಮುದುಕಿ ಏಳಲಿಲ್ಲ. ಬಸ್ಸು ತಿರುಗುವವರೆಗೂ ನೋಡಿದೆ. ಮೊಮ್ಮಗಳು ಕೊನೆಗೆ ಕೈ ಬಿಟ್ಟು, ಪಕ್ಕದಲ್ಲಿ ಕೂತಳು.