ರೀಲಿನ ಉತ್ತರಾರ್ಧ

ಚಿತ್ರಾಕ್ಷಿ ಹದಿನಾಲ್ಕನೆಯ ಧ್ವನಿಮುದ್ರಣ ಕೇಳಿಸಿದಾಗಲೂ ಬ್ರೀಡಾ ದಿಂಬಿನ ಮೇಲೆ ತಲೆಯಲ್ಲಾಡಿಸಿದಳು.

"ಇದೂ ಅಲ್ಲ. ಇದು ಗಂಡಸರದ್ದು."

ಬ್ರೀಡಾಗೆ ಎಂಬತ್ತಾರು ವರ್ಷ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬೇಯಿಸಿ ಬಡಿಸಿದ ಐರಿಷ್ ವಿಧವೆ. ಮ್ಯಾಂಚೆಸ್ಟರಿನ ಲೆವೆನ್‌ಶೂಮ್‌ನಲ್ಲಿ ಅವಳ ಮನೆಗೂ ಚಿತ್ರಾಕ್ಷಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಇಪ್ಪತ್ತು ವರ್ಷ ಆ ಗೋಡೆಯಾಚೆಯಿಂದ ಪಿಟೀಲು ಕೇಳಿಸುತ್ತಿತ್ತು. ಈಚೆ ಚಿತ್ರಾಕ್ಷಿ ಬಡಾವಣೆಯ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಮುಗಿಸಿ ಬಂದು ಬೀನ್ಸ್ ಹೆಚ್ಚುತ್ತಿದ್ದಳು. ಉಡುಪಿಯಲ್ಲಿ ಏಳು ವರ್ಷ ಪಿಟೀಲು ಕಲಿತದ್ದು ಅವಳ ಬೆರಳುಗಳಿಗೆ ನೆನಪಾಗುತ್ತಿತ್ತು. ಬೆರಳುಗಳಿಗೆ ಬಿಡುವು ಇರುತ್ತಿರಲಿಲ್ಲ.

೨೦೧೬ರ ಚಳಿಗಾಲದಲ್ಲಿ ಬ್ರೀಡಾಗೆ ಪಾರ್ಶ್ವವಾಯು ಬಡಿಯಿತು. ಮಾತು ತಿರುಗಿ ಬಂತು, ಎಡಗೈ ಬರಲಿಲ್ಲ. ಇನ್ನೂ ಒಂದು ಹೋಗಿತ್ತು. ಅವಳಮ್ಮ ನುಡಿಸುತ್ತಿದ್ದ ರೀಲ್, ಎರಡು ಭಾಗಗಳ ಕುಣಿತದ ಮಟ್ಟು. ಅದರ ಮೊದಲರ್ಧವನ್ನು ಗುನುಗಿ, ಮೆಟ್ಟಿಲಿಲ್ಲದ ಕಡೆ ಕಾಲಿಟ್ಟವಳಂತೆ ನಿಂತುಬಿಡುತ್ತಿದ್ದಳು. ಗೋಡೆಯಾಚೆಯಿಂದ ಅಷ್ಟು ವರ್ಷ ಕೇಳಿದ್ದರೂ, ನಲ್ಲಿ ಒಗ್ಗರಣೆಗಳ ಸದ್ದಿನಲ್ಲಿ ಚಿತ್ರಾಕ್ಷಿಗೂ ಉತ್ತರಾರ್ಧ ಮನಸ್ಸಿನಲ್ಲಿ ಉಳಿದಿರಲಿಲ್ಲ.

"ಅಮ್ಮನದ್ದು ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ," ಎಂದಿದ್ದಳು ವೃದ್ಧರ ನರ್ಸಿಂಗ್ ಹೋಮಿನ ಹಾಸಿಗೆಯಿಂದ. "ಅದನ್ನೂ ಕಳಕೊಂಡು ಸಾಯಬೇಕಾ ನಾನು?"

ಆವತ್ತಿನಿಂದ ಶುರುವಾದ ಹುಡುಕಾಟ. ಒಂದು ಪುಸ್ತಕದಲ್ಲಿ ಆ ರೀಲಿಗೆ ನೀಲಿ ಬಕೆಟ್ಟಿನ ಹೆಸರು, ಇನ್ನೊಂದರಲ್ಲಿ ಯಾವನೋ ಕ್ಯಾಪ್ಟನ್ನನದ್ದು. ಹೆಸರು ನಂಬಿ ಪ್ರಯೋಜನವಿರಲಿಲ್ಲ. ಚಿತ್ರಾಕ್ಷಿ ೧೯೨ನೇ ಬಸ್ಸಿನಲ್ಲಿ ಕೂತು, ಇಂಗ್ಲಿಷ್ ಸಂಗೀತದ ಐದು ಗೆರೆಗಳನ್ನು ಬೆರಳಿಟ್ಟು ಎಣಿಸುತ್ತಾ, ಒಂದೊಂದು ಚುಕ್ಕೆಯನ್ನೂ ಸರಿಗಮಕ್ಕೆ ಇಳಿಸಿ ದಿನಸಿಪಟ್ಟಿಯ ಪುಸ್ತಕದಲ್ಲಿ ಬರೆದುಕೊಂಡಳು. ಪುಸ್ತಕಗಳಲ್ಲೂ ಧ್ವನಿಮುದ್ರಣಗಳಲ್ಲೂ ಮೊದಲರ್ಧ ಅದೇ. ಎರಡನೆಯದು ಮಾತ್ರ ಬ್ರೀಡಾ ಒಪ್ಪುವಂಥದ್ದಲ್ಲ.

"ಐವತ್ತನಾಲ್ಕನೇ ಇಸವಿಯಲ್ಲಿ ಒಬ್ಬ ಮೆಷೀನು ಹೊತ್ತು ಐರ್ಲೆಂಡಿನ ನಮ್ಮನೆಗೆ ಬಂದಿದ್ದ," ಎಂದಳು ಬ್ರೀಡಾ. "ಅಪ್ಪನದ್ದು ರೆಕಾರ್ಡ್ ಮಾಡಿಕೊಂಡ. ಎಲ್ಲರೂ ಕಲಿತದ್ದು ಅದನ್ನೇ. ಅಪ್ಪನಿಗೆ ಹೇಳಿಕೊಟ್ಟವಳು ಅಮ್ಮ, ಅವನು ಉತ್ತರಾರ್ಧ ಕೆಡಿಸಿದ್ದ. ಅಮ್ಮನನ್ನು ಯಾರು ಕೇಳಿದರು? ಅವಳು ಹನ್ನೊಂದು ಜನಕ್ಕೆ ಟೀ ಮಾಡ್ತಿದ್ದಳು."

ಮಾರ್ಚ್ ಹೊತ್ತಿಗೆ ಬ್ರೀಡಾ ಊಟ ಬಿಟ್ಟಳು. ಇನ್ನು ಕೆಲವು ದಿನ ಅಷ್ಟೇ ಎಂದರು ನರ್ಸ್.

"ಹದಿನಾಲ್ಕು ಸಿಕ್ಕಿದೆಯಲ್ಲ, ಯಾವುದಾದ್ರೂ ಒಂದನ್ನು ಇದೇ ಅಂತ ಹೇಳಿಬಿಡು ಮಾರಾಯ್ತಿ," ಎಂದ ಚಿತ್ರಾಕ್ಷಿಯ ಗಂಡ ದಿವಾಕರ. ಆಸ್ಪತ್ರೆಯ ಡಾಕ್ಟರು. "ಆ ಅಜ್ಜಿಗೆ ಎಂತ ಗೊತ್ತಾಗ್ತದೆ?"

"ನಿಮಗೆ ಸಾರಿನಲ್ಲಿ ಉಪ್ಪು ಕಮ್ಮಿ ಆದ್ರೆ ಗೊತ್ತಾಗ್ತದಲ್ಲ?"

ದಿವಾಕರ ನಕ್ಕ. ಆಮೇಲೆ ಅವನಿಗೇ ಹೊಳೆಯಿತು. "ಹೇ, ತನ್ವಿಯ ಎಂಟನೇ ಬರ್ತ್‌ಡೇಗೆ ಅಜ್ಜಿ ಬಂದು ನುಡಿಸಿದ್ದು ಇದನ್ನೇ ಅಲ್ವಾ? ನಾನು ವಿಡಿಯೋ ಮಾಡಿದ್ದೆ!"

ಅಟ್ಟದಲ್ಲಿ ಟೇಪು ಸಿಕ್ಕಿತು. ಲಫ್‌ಬರೋದಲ್ಲಿ ಓದುತ್ತಿದ್ದ ಮಗಳು ತನ್ವಿ ಅದನ್ನು ಕಂಪ್ಯೂಟರಿಗೆ ಇಳಿಸಿ ಕಳಿಸಿದಳು. ಚಿತ್ರಾಕ್ಷಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು.

ಸೋಫಾದ ಅಂಚಿನಲ್ಲಿ ಬ್ರೀಡಾ, ಗದ್ದದಡಿ ಪಿಟೀಲು. ಸುತ್ತ ಮೂವತ್ತು ಜನ. ಮೊದಲರ್ಧ ಒಮ್ಮೆ, ಮತ್ತೊಮ್ಮೆ. ಕಮಾನು ಮೇಲೇರಿತು, ಚಿತ್ರಾಕ್ಷಿ ಲ್ಯಾಪ್‌ಟಾಪಿನ ಹತ್ತಿರ ಕಿವಿ ತಂದಳು. "ಚಿತ್ರಾ, ಚಟ್ನಿ ಮುಗೀತು ನೋಡು!" ಎಂದಿತು ದಿವಾಕರನ ದನಿ, ಕ್ಯಾಮೆರಾದ ಹಿಂದಿನಿಂದ. ಕೂಡಲೇ ಮಿಕ್ಸಿ.

ಮಿಕ್ಸಿಯ ಆರ್ಭಟದಡಿ ಬ್ರೀಡಾಳ ಕೈ ಆಡುತ್ತಲೇ ಇತ್ತು. ಕೇಳಲು ಏನೂ ಇರಲಿಲ್ಲ. ಮಿಕ್ಸಿ ಪೂರ್ತಿ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇಡೀ ವಿಡಿಯೋದಲ್ಲಿ ಚಿತ್ರಾಕ್ಷಿಯ ಮುಖ ಎಲ್ಲೂ ಇಲ್ಲ. ಆ ಸದ್ದೇ ಅವಳು.

"ಐ ಟ್ರೈಡ್ ಎವ್ರಿ ಫಿಲ್ಟರ್, ಅಮ್ಮಾ," ಎಂದಳು ತನ್ವಿ ಫೋನಿನಲ್ಲಿ. "ಇಟ್ಸ್ ಜಸ್ಟ್ ಮಿಕ್ಸಿ."

ಚಿತ್ರಾಕ್ಷಿ ಮತ್ತೆ ಮತ್ತೆ ಕೇಳಿದಳು. ತೆಂಗಿನತುರಿ ಕೆಳಕ್ಕೆ ತಳ್ಳಲು ಆವತ್ತು ಮೂರು ಸಲ ಮಿಕ್ಸಿ ನಿಲ್ಲಿಸಿ ಮುಚ್ಚಳ ತೆರೆದಿದ್ದಳು. ಆ ಮೂರು ಸಂದಿಗಳಲ್ಲಿ ಪಿಟೀಲು ಇಣುಕುತ್ತಿತ್ತು: ನಾಲ್ಕು ಸ್ವರ, ಆರು ಸ್ವರ, ಮತ್ತೆ ಮೂರು. ಹದಿಮೂರನ್ನೂ ಬರೆದುಕೊಂಡಳು. ನಡುವಿನ ಖಾಲಿ ಜಾಗಕ್ಕೆ ತನ್ನದೇನನ್ನೋ ಸೇರಿಸಲು ಎರಡು ಬಾರಿ ಪೆನ್ನೆತ್ತಿ, ಇಳಿಸಿದಳು.

ಮರುದಿನ ಡ್ಯೂಟಿ ಬದಲಿಸಿಕೊಂಡು, ಕಪಾಟಿನ ಮೇಲಿನ ಪಿಟೀಲು ಇಳಿಸಿ, ನರ್ಸಿಂಗ್ ಹೋಮಿಗೆ ಹೋದಳು. ಬ್ರೀಡಾಳ ಕಣ್ಣು ಮುಚ್ಚಿತ್ತು. ಚಿತ್ರಾಕ್ಷಿ ಮೊದಲರ್ಧ ನುಡಿಸಿದಳು. ಆಮೇಲೆ ಆ ನಾಲ್ಕು ಸ್ವರ.

ಬ್ರೀಡಾಳ ಕಣ್ಣು ತೆರೆಯಿತು. ಬಲಗೈ ಹೊದಿಕೆಯೊಳಗಿನಿಂದ ಹೊರಬಂದು ಚಿತ್ರಾಕ್ಷಿಯ ಸೆರಗನ್ನು ಬಿಗಿಯಾಗಿ ಹಿಡಿಯಿತು.

"ಅಮ್ಮ," ಎಂದಳು. "ಹೌದು, ಇದೇ. ಮುಂದೆ?"

ಚಿತ್ರಾಕ್ಷಿ ಆರು ಸ್ವರ ನುಡಿಸಿದಳು. ಮೂರು ನುಡಿಸಿದಳು. ಕಮಾನು ನಿಂತಿತು.

"ಮುಂದೆ, ಮಗಳೇ. ನಿಲ್ಲಿಸಬೇಡ. ಮುಂದೆ."